ಕನ್ನಡದಲ್ಲಿ ಬೇಜಾರು

ಮಲಯಾಳಿಗಳ ಊರಲ್ಲಿ, ಪಟ್ಟಂ ಬಸ್‌ಸ್ಟಾಪಿನಲ್ಲಿ, ಪಕ್ಕದ ಇಬ್ಬರು ಹೆಂಗಸರು ಕನ್ನಡದಲ್ಲಿ ಮಾತಾಡುತ್ತಿದ್ದರು. ಕಿವಿ ಅತ್ತ ಹೋಯಿತು.

"ಕೃಪಾ, ನಿಮ್ಮ ಮಗಳು ಅಜ್ಜಿಗೆ ಕನ್ನಡದಲ್ಲಿ ಕಾಗದ ಬರೆದಳಂತೆ?"

"ಹೂಂ ರೀ, ಎರಡು ಪುಟ. ಇಲ್ಲಿ ಸ್ಕೂಲಲ್ಲಿ ಕನ್ನಡ ಎಲ್ಲಿದೆ? ಆನ್‌ಲೈನ್ ಕ್ಲಾಸು, ಮೈಸೂರಿನ ಮಿಸ್ಸು."

"ನಮ್ಮವನು ಕರೆದರೆ 'ಎಂತಾ ಅಮ್ಮೇ' ಅಂತ ಮಲಯಾಳದಲ್ಲೇ ಓಗೊಡ್ತಾನೆ. ನಂಗೆ ಹೊಟ್ಟೆ ಉರಿಯುತ್ತೆ."

"ನಂಗೂ ಉರಿಯುತ್ತೆ."

"ನಿಮಗ್ಯಾಕ್ರೀ?"

"ನಿನ್ನೆ ಕ್ಲಾಸಲ್ಲಿ 'ಮಿಸ್, ನಂಗೆ ತುಂಬಾ ಬೇಜಾರು' ಅಂದಳು. ಕ್ಲಾಸ್ ಮುಗಿದ ಮೇಲೆ, 'ಯಾಕೆ ಪುಟ್ಟಾ ಬೇಜಾರು?' ಅಂತ ಕೇಳಿದೆ."

"ಏನಂದಳು?"

"'ಒನ್ನುಮಿಲ್ಲ' ಅಂದಳು. ಏನೂ ಇಲ್ಲವಂತೆ, ಅದೂ ಮಲಯಾಳದಲ್ಲಿ."

ಬಸ್ಸು ಬಂತು. ಇಬ್ಬರೂ ಬಾಗಿಲತ್ತ ನುಗ್ಗಿದರು.

"ಬೇಜಾರಾದರೂ ಕನ್ನಡದಲ್ಲೇ ಆಯ್ತಲ್ಲ ನಿಮ್ಮವಳಿಗೆ! ಆ ಮಿಸ್ ನಂಬರ್ ಕೊಡ್ರೀ."