ಹೇರೋಹಳ್ಳಿ ಶೆಡ್ಡಿನ ವಿಮಾನ

ಹೇರೋಹಳ್ಳಿಯ ಹಳೇ ಬಾವಿ ಗೊತ್ತಲ್ಲ, ಈಗ ಚಪ್ಪಡಿ ಮುಚ್ಚಿ ಮೇಲೆ ಕಸದ ಆಟೋ ನಿಲ್ಲಿಸ್ತಾರೆ... ಅದನ್ನು ದಾಟಿ ನಮ್ಮ ಪಕ್ಕದ ಮನೆ ವೆಂಕಟಗಿರಿ ಒಬ್ಬನೇ ಬರುತ್ತಿದ್ದ. ರಾತ್ರಿ ಹನ್ನೊಂದು ದಾಟಿತ್ತು. ಮನೆಗೆ ಹೋದರೆ ಬೀಗ, ಒಳಗೆ ಕತ್ತಲೆ. ಕಾಲು ತಾನಾಗೇ ಅವನು ಕೆಲಸ ಮಾಡೋ ಶೆಡ್ಡಿನ ಕಡೆ ತಿರುಗಿತು.

ಶೆಡ್ಡಿನಲ್ಲಿದ್ದದ್ದು ವಿಮಾನ. ನಗಬೇಡಿ. ಎರಡೇ ಸೀಟು, ರೆಕ್ಕೆಗೆ ಬಟ್ಟೆ ಹೊದಿಸಿದ್ದು. ಒಂದು ಕಾಲಕ್ಕೆ ಮಿಲಿಟರಿಯವರು ಅದರಲ್ಲಿ ನೆಲಕ್ಕೆ ಹತ್ತಿರದಲ್ಲೇ ಹಾರಿ, ಶತ್ರುವಿನ ಫಿರಂಗಿ ಎಲ್ಲಿದೆ ಅಂತ ನೋಡಿ ಬರುತ್ತಿದ್ದರಂತೆ. ಆಮೇಲೆ ಬಸವೇಶ್ವರನಗರದ ಸುಧೀಂದ್ರ ಸಾರ್ ಶೋಕಿಗೆ ಕೊಂಡರು. ಮೂವತ್ತು ವರ್ಷ ಅದನ್ನು ನೋಡಿಕೊಂಡ ಮೆಕ್ಯಾನಿಕ್ಕುಗಳು ಇಬ್ಬರು, ವೆಂಕಟಗಿರಿ ಮತ್ತು ಅಮೀನಪ್ಪ. ಅಮೀನಪ್ಪ ತೀರಿಕೊಂಡು ಎರಡು ವರ್ಷ. ಬೆಳಗಾದರೆ ವಿಮಾನವೂ ಹೊರಡುವುದಿತ್ತು, ಯಾವುದೋ ರೆಸಾರ್ಟಿನ ಬಾಗಿಲಲ್ಲಿ ನಿಲ್ಲೋಕೆ.

ಇಂಜಿನ್ ಬಿಗಿದು ಕಚ್ಚಿಕೊಳ್ಳದಿರಲಿ ಅಂತ ವಾರಕ್ಕೊಮ್ಮೆ ಮುಂದಿನ ಫ್ಯಾನನ್ನು ಕೈಯಲ್ಲಿ ನಾಲ್ಕು ಸುತ್ತು ತಿರುಗಿಸಬೇಕು. ಅದಕ್ಕೊಂದು ನಿಯಮ. ಫ್ಯಾನು ಹಿಡಿದವನು "ಸ್ವಿಚ್ ಆಫ್?" ಅಂತ ಕೂಗಬೇಕು. ಸೀಟಿನಲ್ಲಿ ಕೂತವನು ನೋಡಿ "ಆಫ್" ಅನ್ನಬೇಕು. ಆನ್ ಇದ್ದು ಇಂಜಿನ್ ಸ್ಟಾರ್ಟ್ ಆಗಿಬಿಟ್ಟರೆ ಫ್ಯಾನು ಹಿಡಿದವನ ಕತ್ತು ಉಳಿಯೋಲ್ಲ. ಅಮೀನಪ್ಪ ಹೋದ ಮೇಲೆ ಎರಡೂ ಮಾತು ವೆಂಕಟಗಿರಿಯದೇ. ತಾನೇ ಕೂಗುವುದು, ತಾನೇ ಓಗೊಡುವುದು.

ಕೊನೇ ಸಲ ತಿರುಗಿಸಿಬಿಡೋಣ ಅಂತ ಫ್ಯಾನಿನ ಅಲಗಿಗೆ ಕೈ ಹಾಕಿದ.

"ಸ್ವಿಚ್ ಆಫ್?"

ಆಫ್ ಅನ್ನೋಕೆ ಬಾಯಿ ತೆಗೆದ...

"ಆನ್ ಐತೆ ಕಣೋ, ಕೋಣ. ಕೈ ತೆಗಿ."

ಪಿಸುಮಾತು. ಸೀಟಿನ ಕಡೆಯಿಂದ. ಅವನನ್ನು ಕೋಣ ಅಂತಿದ್ದವನು ಲೋಕದಲ್ಲಿ ಒಬ್ಬನೇ.

ವೆಂಕಟಗಿರಿ ಬೆಂಕಿ ಮುಟ್ಟಿದವನ ಹಾಗೆ ಹಿಂದಕ್ಕೆ ಹಾರಿದ. ಕೈ ಕಿತ್ತ ಸೆಳೆತಕ್ಕೆ ಅಲಗು ಒಂದಿಷ್ಟು ಜಾರಿತು. ಟಕ್... ಫಟ್! ಭರ್ರ್ ಅಂತ ಎರಡು ಸುತ್ತು, ಅವನ ಕತ್ತು ಇದ್ದ ಜಾಗದಲ್ಲೇ. ನಿಂತಿತು. ಪೆಟ್ರೋಲ್ ವಾಸನೆ.

ಟಾರ್ಚು ಹಾಕಿ ನೋಡಿದ. ಸೀಟು ಖಾಲಿ. ಬೆಲ್ಟು ಎರಡೂ ಬದಿಗೆ ಜೋತು ಬಿದ್ದಿತ್ತು. ಮಧ್ಯಾಹ್ನ ರೆಸಾರ್ಟಿನವರು ಹತ್ತಿ ಕೂತು ಸಿಕ್ಕಿದ್ದನ್ನೆಲ್ಲ ತಿರುಚಿದ್ದರು... ಸ್ವಿಚ್ ಆನ್‌ನಲ್ಲೇ ಇತ್ತು.

ಆಫ್ ಮಾಡಿ ನೆಲದ ಮೇಲೆ ಕೂತ.

"ಅಮೀನಾ... ಇನ್ನೊಂದ್ಸಲ ಬಯ್ಯೋ."

ತಗಡಿನ ಛಾವಣಿ ಟಿಣ್ ಅಂತು. ಅಷ್ಟೇ.

ಬೆಳಗಿನ ತನಕ ಎಷ್ಟು ಸಲ "ಸ್ವಿಚ್ ಆಫ್?" ಅಂದನೋ. ಉತ್ತರ ಮಾತ್ರ ತಾನು ಕೊಡಲಿಲ್ಲ. ಆ ಮಾತಿನ ಜಾಗ ಅಮೀನಪ್ಪನಿಗೇ ಬಿಟ್ಟು ಕಾದ...

ಏಳಕ್ಕೆ ಲಾರಿ ಬಂತು. ಎತ್ತೋಕೆ ಹೋದವರಲ್ಲಿ ನಾನೂ ಒಬ್ಬ, ಅದಕ್ಕೇ ಹೇಳ್ತೀನಿ. ಬೆಲ್ಟಿನ ಕೊಂಡಿ ಹಾಕಿತ್ತು. ಸೀಟಿನ ಮೇಲೆ ಬಿದ್ದಿರಲಿಲ್ಲ. ಯಾರದೋ ಸೊಂಟ ಸುತ್ತಿದ ಹಾಗೆ ಗುಂಡಗೆ, ಬಿಗಿಯಾಗಿ ನಿಂತಿತ್ತು. ಒಳಗೆ ಏನೂ ಇಲ್ಲ.

"ಬಿಚ್ಬೇಡಿ, ಕೂತಿರ್ಲಿ," ಅಂದ ವೆಂಕಟಗಿರಿ.

ಹಾಗೇ ಲಾರಿಗೆ ಏರಿಸಿದೆವು. ನಂಬೋದು ಬಿಡೋದು ನಿಮಗೆ ಬಿಟ್ಟದ್ದು. ಈ ಬೆರಳಲ್ಲೇ ಆ ಬೆಲ್ಟನ್ನ ಒತ್ತಿ ನೋಡಿದೆ. ಬಗ್ಗಲಿಲ್ಲ.