ತವರದ ಮೂಗು

ಊದಿದ್ನಲ್ಲ ಬೇಟಿ! ಮತ್ತೊಮ್ಮೆ? ನಿಮ್ಮಪ್ಪನ್ನ ಹಡದ ದಾದಿ ಏನು ಕುಲುಮಿ ತಿದಿ ಅಂತ ತಿಳದೀಯೇನ ಮದಿಹಾ, ಒತ್ತಿದಾಗೊಮ್ಮೆ ಗಾಳಿ ಬಿಡಾಕ?... ಯಾಕ ನಗತೀ? ನಗು, ನಗು. ಈ ಮನಿಯಾಗ ನಗು ಕೇಳಿ ಭಾಳ ದಿನ ಆತು. ಅಲ್ಲಾಹ್ ನಿನ್ನ ಹಿಂಗ ನಗಸ್ತಾ ಇಡ್ಲಿ.

ತಾ, ನಿನ್ನ ವಾಸನಿ ಹಿಡಿಯೋ ಪೆಟ್ಟಿಗಿ ನಳಗಿ ತಾ ಇಲ್ಲಿ. ಬಿಸ್ಮಿಲ್ಲಾಹ್... ಫೂ... ಆತು? ಮೊಬೈಲಿನಾಗಿನ ಗೆರಿ ಏನಂತೈತಿ?... ಮತ್ತ ಏರಿತಾ! ಅಯ್ಯ, ಅದು ಅತ್ತರಿನ ವಾಸನಿ ಇರಬೇಕು ನೋಡು. ಮಧ್ಯಾಹ್ನದ ಜೋಹರ್ ನಮಾಜಿಗೆ ಮೊದಲ ಕಿವಿ ಹಿಂದ ಒಂದು ಹನಿ ಹಚ್ಚಿಕೊಂಡಿದ್ದೆ... ಹೌದಲ್ಲ, ನೀ ಆಗಲೇ ಒದ್ದಿ ಅರಿವಿಲೆ ಒರಸಿದಿ. ಹಂಗಾರ ಎಲಿ! ನಿಮ್ಮ ಅಮ್ಮಿ ಪೆಂಡಿ ಕಟ್ಟಾಕಂತ ತಂದಿಟ್ಟ ವೀಳ್ಯದೆಲಿ ಬುಟ್ಟಿ... ಅದನ್ನೂ ಅಂಗಳಕ್ಕ ಒಯ್ದಿಟ್ಟೀಯಾ? ಎಂಥಾ ಹುಡುಗಿವ್ವಾ ನೀ! ಹಂಗಾರ ನಿನ್ನೆ ಹಾಕಿದ ಲೋಬಾನದ ಹೊಗಿ... ಆತು ಆತು, ಕಿಟಕಿ ಕಡೆ ಕೈ ಮಾಡಬ್ಯಾಡ, ತೆರದಿದ್ದು ನನಗೂ ಕಾಣ್ತೈತಿ.

ಏನಂದಿ? ಏನ ವಾಸನಿ? ಉಗುರಿನ ಬಣ್ಣ ತೆಗಿಯೋ ನೀರಿನ ವಾಸನಿ, ನನ್ನ ಬಾಯಾಗ? ತೌಬಾ! ಹಲ್ಲು ಉದುರೋ ವಯಸ್ಸಿನಾಗ ನನಗ ಉಗುರಿಗೆ ಬಣ್ಣ ಬ್ಯಾರೆ!... ಈಗ್ಯಾಕ ನಗವಲ್ಲಿ? ನಾ ಚಂದ ಹೇಳಿದೆ ಅನಕೊಂಡಿದ್ದೆ.

ಇಲ್ಲ, ನೀ ತಿಳಿಸಿ ಹೇಳಿದ್ದು ನನಗ ಅರ್ಥ ಆಗೇತಿ. ಶಿಗ್ಗಾಂವದ ಕಾಲೇಜಿಗೆ ನಿನ್ನ ಸುಮ್ಮ ಕಳಸಿಲ್ಲ ನಾವು. ಆ ಬೆರಳ ತುದಿಯಷ್ಟು ಜಾಳಿಗಿ ಟೊಪ್ಪಿಗಿಯೊಳಗ ತವರದ ಭಸ್ಮದಂಥಾದು ಐತಿ. ಸಣ್ಣ ತಂತಿ ಅದನ್ನ ಕಾಸತೈತಿ. ಕಾದ ತವರಕ್ಕ ಉಸರಿನ ವಾಸನಿ ತಾಗಿದ್ರ ಅದರಾಗ ಕರೆಂಟು ಸಲೀಸ ಹರೀತೈತಿ, ಗೆರಿ ಏರತೈತಿ. ಅಷ್ಟ ಅಲ್ಲ? ನೋಡು! ತವರ ನನಗೇನ ಹೊಸಾದಲ್ಲವ್ವಾ. ನನ್ನ ಗಂಡ, ನಿಮ್ಮ ದಾದಾ ಹಜರತಅಲಿ ಈ ಸವಣೂರಿನ ಓಣಿ ಓಣಿ ತಿರಗಿ ಪಾತ್ರಿಗೆ ಕಲಾಯಿ ಹಾಕಿದವರು. ನವಸಾಗರದ ಬಿಳಿ ಹೊಗಿಯೊಳಗ ಕುಂತು, "ಮರಿಯಮಬೀ, ತವರಕ್ಕ ಯಾರ ಮುಲಾಜೂ ಇಲ್ಲ. ಪಾತ್ರಿ ಹೊಲಸಿದ್ರ ಹಿಡಿಯಂಗಿಲ್ಲ ಅಂದ್ರ ಹಿಡಿಯಂಗಿಲ್ಲ" ಅಂತಿದ್ರು...

ಆದ್ರ ನಿನ್ನ ಪೆಟ್ಟಿಗಿ ಅತ್ತರಿಗೂ ಏರತೈತಿ, ಎಲಿಗೂ ಏರತೈತಿ. ಯಾವ ವಾಸನಿ ಅಂತ ಹೆಸರು ಹೇಳಾಕ ಅದಕ್ಕ ಬರಂಗಿಲ್ಲ ಅಂತ ನೀನ ಒಪ್ಪಿದಿ. ಹೆಸರು ಗೊತ್ತಿಲ್ಲದ ಸಾಕ್ಷಿನ ಯಾರು ನಂಬತಾರ? ಮತ್ತ ಇನ್ನೊಂದು ಹೇಳ್ತೇನಿ ಕೇಳು. ಮುಂಜಾನೆ ನಿಮ್ಮ ಅಮ್ಮಿ ಶಬೀನಾ ಚಹಾ ಕುಡದು ಬಂದು ಊದಿದ್ಲು, ಗೆರಿ ಮಲಗಿದ್ದು ಏಳಲಿಲ್ಲ. ಆಮ್ಯಾಲ ನೀ ಊದಿದಿ. ಸಣ್ಣಂಗ ತಲಿ ಎತ್ತಿತಲ್ಲ? ಲಗೂನ ಅಳಿಸಿಬಿಟ್ಟಿ. ನಾ ನೋಡೇನಿ! ಕುಣಕೋತ ಕಾಲೇಜಿಗೆ ಹೋಗೋ ಹುಡುಗಿಗೆ ಏನ ಬೀಮಾರಿ ಇರ್ತೈತಿ? ಅದಕ್ಕ ನಾ ಅನ್ನೋದು, ನಿನ್ನ ಪೆಟ್ಟಿಗಿನ ಕೆಟ್ಟೇತಿ.

ಯಾಕ ತಲಿ ಬಗ್ಗಿಸಿದಿ? ಬೇಜಾರಾತೇನ? ಅಯ್ಯ, ನಿನ್ನ ಕೆಲಸಕ್ಕ ಹೆಸರಿಡಲಿಲ್ಲ ನನ್ನವ್ವಾ. ಇದನ್ನ ಯಾಕ ಮಾಡಿದಿ ಅಂತ ನನಗ ಗೊತ್ತಿಲ್ಲೇನ? ನಿಮ್ಮಪ್ಪ ಅಸದ ಅಕ್ಕಿಆಲೂರು ಸಂತಿಗೆ ಟೆಂಪೋ ಹೊಡಕೊಂಡು ಹೋಗಿ ಬಂದಾಗ ಅವನ ಬಾಯಾಗ ಒಂದು ಥರಾ ವಾಸನಿ ಬರ್ತಿತ್ತು. ನಾವು ಗುಟ್ಕಾದ್ದು ಅಂದ್ವಿ. ನಾ ಯಾಲಕ್ಕಿ ಕೊಡತಿದ್ದೆ, ಅಗಿ ಬೇಟಾ ಅಂತ... ಮೂತ್ರಪಿಂಡ ಹೋಗಿ ಅಂಥಾ ವಾಸನಿ ಬರ್ತೈತಂತ ಹುಬ್ಬಳ್ಳಿಗೆ ಒಯ್ದ ಮ್ಯಾಲ ಗೊತ್ತಾತು. ಮನಷಾರ ಮೂಗಿಗೆ ತಿಳೀದಿದ್ದು ತವರದ ಮೂಗಿಗೆ ತಿಳೀಲಿ ಅಂತ ನೀ ಇದನ್ನ ಕಟ್ಟಕೊಂತ ಕುಂತಿ. ಅಲ್ಲಾಹ್ ನಿನ್ನ ಕೈಗೆ ಬರಕತ್ ಕೊಡ್ಲಿ. ಆದ್ರ ಅಸದಗ ಬಂದಂಥಾದ್ದು ನನಗ್ಯಾಕ ಬರ್ತೈತಿ? ನಂದು ಬರೇ ಸಕ್ಕರಿ ಬ್ಯಾನಿ. ಸೂಜಿ ತಪ್ಪಿದ್ರ ಅದಕ್ಕೂ ಬಾಯಿಗೆ ಅಂಥಾ ವಾಸನಿ ಬರ್ತೈತಿ ಅಂತೀ, ನಾ ಎಲ್ಲಿ ತಪ್ಪಿಸೇನಿ? ಸೂಜಿ ಮಾಡ್ಕೊಂತ ಅದೇನಿ. ಉಣ್ಕೊಂತ ಅದೇನಿ.

ಉಂಡೆ. ಉಂಡೆ ಅಂದ್ರ ಉಂಡೆ. ಮುಂಜಾನೆ ಎರಡು ರೊಟ್ಟಿ, ಬದನಿಕಾಯಿ ಪಲ್ಯ... ಹಿತ್ತಲ ಕಡೆ ಯಾಕ ನೋಡತೀ? ಆಡು ದಪ್ಪ ಆದ್ರ ನಾ ಏನ ಮಾಡ್ಲಿ? ಅಲ್ಲಾಹ್ ಕೊಟ್ಟ ಮೈ ಅದರದು!

ತುಟಿ ಮುಟ್ಟಿ ನೋಡಬ್ಯಾಡ. ಬಿಸಲಿಗೆ ಒಣಗ್ಯಾವ. ಉಸರು... ಹೂಂ, ಸ್ವಲ್ಪ ಜೋರ ಬರಾಕತ್ತೈತಿ. ನೀ ಇಷ್ಟು ಸರತೆ ಊದಿಸಿದ್ರ ಏದುಸಿರು ಬರದ ಏನಾಕ್ಕೈತಿ? ವಾಂತಿ ಯಾವಾಗ ಆತು? ಯಾರ ಹೇಳಿದ್ರು ನಿನಗ? ಎಲ್ಲಿಗೆ ಹೊಂಟಿ? ಫ್ರಿಜ್ ಯಾಕ ತೆಗೀತೀ, ನನಗ ನೀರು ಬ್ಯಾಡ... ಮದಿಹಾ, ಆ ಡಬ್ಬಿ ಮುಟ್ಟಬ್ಯಾಡ. ಮುಟ್ಟಬ್ಯಾಡಂತ ಹೇಳಿದ್ನಲ್ಲ!

...

ಹೌದು. ಒಡದಿಲ್ಲ. ಸೂಜಿ ಡಬ್ಬಿ ಡಾಕ್ಟರು ಕೊಟ್ಟಂಗ ಐತಿ. ಚೀಟಿನೂ ಹರದಿಲ್ಲ. ಕೂಡು ಇಲ್ಲಿ. ಹಂಗ ನಿಂತು ನೋಡಿದ್ರ ನನಗ ಮಾತು ಬರಂಗಿಲ್ಲ.

ನಾ ರೋಜಾ ಹಿಡದೇನಿ ಬೇಟಿ. ರಮಜಾನ್ ಮುಗದ್ರೇನಾತು, ಬಾಕಿ ಉಳದಿದ್ದನ್ನ ಆಮ್ಯಾಲ ಹಿಡೀಬೇಕಲ್ಲ. ಸೂಜಿ ಮಾಡಿಕೊಂಡ ಮ್ಯಾಲ ಏನರ ತಿನ್ನಬೇಕು, ಇಲ್ಲಂದ್ರ ಕಣ್ಣು ಕತ್ತಲಿ ಬರ್ತಾವ ಅಂತ ಡಾಕ್ಟರ್ ಹೇಳ್ಯಾರ. ತಿಂದ್ರ ರೋಜಾ ಎಲ್ಲಿ ಉಳೀತು? ಅದಕ್ಕ ಸೂಜಿನ ಬಿಟ್ಟೆ... ಸಿಟ್ಟಾಗಬ್ಯಾಡ. ರೋಜಾ ಇದ್ದವರ ಬಾಯಿ ವಾಸನಿ ಅಲ್ಲಾಹ್‌ಗೆ ಭಾಳ ಪ್ರೀತಿ ಅಂತ ಕೇಳಿ ಬೆಳದಾಕಿ ನಾನು. ಆ ವಾಸನಿನ ನಿನ್ನ ಪೆಟ್ಟಿಗಿ ಬೀಮಾರಿ ಅಂತೈತಿ. ಯಾರದು ಖರೇ ಅನ್ಲಿ ನಾ?

ಏನ ಕೇಳಿದಿ? ಕಣ್ಣೀಲೆ ಕೇಳಿದ್ರೂ ತಿಳೀತೈತಿ. ಇಲ್ಲ... ಬಾಕಿ ರೋಜಾ ನನ್ನವಲ್ಲ. ನಿಮ್ಮಪ್ಪನವು. ಹೋದ ರಮಜಾನ್ ಪೂರ್ತಿ ಅವ ದವಾಖಾನಿಯಾಗ ಇದ್ದ. ಮಧ್ಯಾಹ್ನ ಚಮಚೇಲೆ ನೀರು ಕುಡಸಿದ್ರ, "ಅಮ್ಮಾ, ಇವತ್ತಿಂದೂ ಹೋತು. ಎದ್ದ ಮ್ಯಾಲ ಎಲ್ಲಾ ಹಿಡೀತೇನಿ" ಅಂತಿದ್ದ. ಕುಡಿ ಬೇಟಾ, ಬೀಮಾರ ಇದ್ದವರಿಗೆ ಅಲ್ಲಾಹ್ ಕಷ್ಟ ಕೊಡಂಗಿಲ್ಲ ಅಂತ ನಾನ ಹೇಳ್ಕೊಂತ ಕುಡಸ್ತಿದ್ದೆ. ಎದ್ದನೇನ ಅವ? ಏಳಲಿಲ್ಲ... ಮಗ ಆಡಿದ ಮಾತು ತಾಯಿ ನಡಸಬೇಕಲ್ಲ. ಮೌಲಾನಾ ಅವ್ರೂ ಹಂಗ ಹೇಳ್ಯಾರ, ತಾಯಿ ಹಿಡದ್ರ ಮಗಗ ಮುಟ್ಟತೈತಿ ಅಂತ. ಅವ ತೀರಿಕೊಂಡ ನಲವತ್ತರ ದಿನ ಎಲ್ಲಾರ ಮುಂದ ನಾ ಇದನ್ನ ಹೇಳಲಿಲ್ಲೇನ? ನೀನೂ ಅಲ್ಲೇ ಬಾಗಿಲಾಗ ಕುಂತು ಕೇಳಾಕತ್ತಿದ್ದಿ.

ಮುಖ ಯಾಕ ಆ ಕಡೆ ತಿರಗಿಸಿದಿ?

ಅಲ್ಲ... ತಡಿ. ಮುಂಜಾನೆ ನಿಮ್ಮ ಅಮ್ಮಿ ಚಹಾ ಕೊಟ್ಟಾಗ ನೀ ಕಾಲೇಜಿನ ಕ್ಯಾಂಟೀನಿನಾಗ ಕುಡೀತೇನಿ ಅಂದಿ. ಇವತ್ತು ಕಾಲೇಜು ಎಲ್ಲೈತಿ? ಮಧ್ಯಾಹ್ನ ಉಣ್ಣಾಕ ಕರದ್ರ ಪೆಟ್ಟಿಗಿ ಕಾಯಾಕತ್ತೈತಿ, ಬಿಟ್ಟು ಬರಾಕ ಆಗಂಗಿಲ್ಲ ಅಂದಿ. ನೀ ಊದಿದಾಗ ಗೆರಿ ತಲಿ ಎತ್ತಿದ್ದು ಹಸದ ಹೊಟ್ಟಿ ವಾಸನಿಗೆ...

ನೀನೂ?

ಯಾ ಅಲ್ಲಾಹ್. ನನ್ನ ಮಾತು ಕೇಳಿ ನೀನೂ ಹಿಡದೀಯಾ? ಅಪ್ಪನ ಹೆಸರಿಲೆ? ಎಲ್ಲಿ, ನನ್ನ ಕಡೆ ನೋಡು. ಪೆಟ್ಟಿಗಿ ಕೆಟ್ಟೇತಿ ಅಂದೆನಲ್ಲ, ಅದು ಇಬ್ಬರದೂ ಖರೇನ ಹೇಳಾಕತ್ತಿತ್ತು... ಬ್ಯಾಡ ನನ್ನವ್ವಾ. ಬಿಡು. ಈಗಿಂದೀಗ ಬಿಡು. ಪರೀಕ್ಷಾ ಹತ್ತಿರ ಬಂದಾವ, ಬಸ್ಸಿನಾಗ ನಿಂತು ಹೋಗಾಕಿ ನೀ, ಎಲ್ಲರ ಬಿದ್ದಗಿದ್ದಿ! ನಿಮ್ಮಪ್ಪನ ಮ್ಯಾಲ ಏನೂ ಬಾಕಿ ಇಲ್ಲ. ಬೀಮಾರಿಯಾಗ ಬಿಟ್ಟವನು ಅದ ಬೀಮಾರಿಯಾಗ ಹೋದ್ರ ಅವನ ಮ್ಯಾಲ ಒಂದು ರೋಜಾನೂ ಉಳಿಯಂಗಿಲ್ಲ, ಯಾರೂ ಹಿಡಿಯೋದು ಬ್ಯಾಡ ಅಂತ ಮೌಲಾನಾ ಅವ್ರು ಅವತ್ತ ನನಗ...

...

ಏನಂದೆ ನಾನು?

ಮದಿಹಾ. ಹಿಂಗ ನೋಡಬ್ಯಾಡ. ಬೈಯಿ. ನೋಟ ಥೇಟ್ ಅಸದನಂಗ. ಅವನೂ ಸಿಟ್ಟು ಬಂದ್ರ ಹಿಂಗ ದಿಟ್ಟಿಸಿ ನೋಡ್ತಿದ್ದ.

ಹೌದವ್ವಾ. ಗೊತ್ತಿತ್ತು. ಮೊದಲಿಂದ ಗೊತ್ತಿತ್ತು. ಮೌಲಾನಾ ಅವ್ರು ಚಲೋ ಮಾತ ಹೇಳಿದ್ರು, "ಮರಿಯಮಬೀ, ನಿಮ್ಮ ಮಗನ ಎಲ್ಲಾ ಮಾಫ್ ಆಗೇತ್ರಿ, ನೀವು ಆರಾಮ ಇರ್ರಿ" ಅಂದ್ರು. ಮಸೂತಿ ಮೆಟ್ಟಲದಾಗ ಕುಂತುಬಿಟ್ಟೆ ನಾನು. ಅವನದೇನೂ ಬಾಕಿ ಇಲ್ಲ ಅಂದ್ರ ನಾ ಅವನಿಗೆ ಮಾಡೋದೂ ಏನೂ ಉಳೀಲಿಲ್ಲಲ್ಲ. ರೊಟ್ಟಿ ಬಡದ್ರ ತಿನ್ನಂಗಿಲ್ಲ. ಅಂಗಿ ಒಗದ್ರ ಹಾಕ್ಕೊಳ್ಳಂಗಿಲ್ಲ. ತಾಯಿ ಕೈಗೆ ಒಂದು ಕೆಲಸ ಬೇಕಲ್ಲ ಬೇಟಿ... ಹಸದಾಗ ಅವ ಇಲ್ಲೇ ಬಾಜೂಕ ಕುಂತು ರೋಜಾ ಬಿಡಾಕ ಸಂಜಿ ಅಜಾನ್ ಕಾಯಾಕತ್ಯಾನ ಅನಸ್ತೈತಿ. ಅಷ್ಟ. ಅಲ್ಲಾಹ್ ಕೇಳಿದ್ದಲ್ಲ ಇದು. ಅವನ ಹೆಸರಿಲೆ ನನಗ ನಾನ ಬೇಡಿಕೊಂಡಿದ್ದು.

ಗ್ಲಾಸು ನನಗ್ಯಾಕ ಚಾಚತೀ? ನೀ ಕುಡಿ ಮೊದಲ. ಕುಡಿ ಅಂದ್ರ!... ತುಟಿಗೆ ಹಚ್ಚವಲ್ಲಿ. ನಾ ಕುಡದ್ರ ನೀ ಕುಡೀತಿ, ನಾ ಬಿಟ್ಟರ ನೀ ಬಿಡ್ತಿ. ಹಂಗ ಅಲ್ಲ? ಅಯ್ಯೋ ನನ್ನ ಕೂಸ... ಅಜಾನ್ ಆಗೋತನಕ ತಡಿಯಂಗಿಲ್ಲ?... ಆತು. ಆತು, ಅಳಬ್ಯಾಡ. ನಿಮ್ಮ ಅಮ್ಮಿಗೆ ಫೋನ್ ಮಾಡು, ಆಟೋ ತಗೊಂಡು ಬರ್ಲಿ. ದವಾಖಾನಿಗೆ ಬರ್ತೇನಿ. ಎಲ್ಲಿಗೆ ಅಂದ್ರ ಅಲ್ಲಿಗೆ ಬರ್ತೇನಿ.

ತಾ. ...ಅಯ್ಯ, ಚೆಲ್ಲಿತು. ಕೈಯಾಗ ಗ್ಲಾಸು ನಿಲ್ಲವಲ್ದು ನೋಡು. ಅಡಗಿ ಮನಿಯಾಗ ಚಮಚ ಐತಿ, ತಗೊಂಡು ಬಾ. ಚಮಚೇಲೆ ಕುಡಸು ಬೇಟಿ... ನಾ ಅವನಿಗೆ ಕುಡಸಿದಂಗ.