ಕುರ್ಚಿಯ ಹಿಂದೆ ನಿಂತವರು

ಅಧ್ಯಕ್ಷರೂ ನಮ್ಮ ಹಾಸ್ಟೆಲ್ಲಿನ ಕಾರ್ಯದರ್ಶಿಗಳೂ ಆದ ಚೆನ್ನಯ್ಯನವರೇ, ಹಾಸನದಿಂದ ದಯಮಾಡಿಸಿರುವ ಅತಿಥಿಗಳೇ, ಉಪಾಧ್ಯಾಯರೇ, ಮುಂದಿನ ಸಾಲಿನಲ್ಲಿ ಕುಳಿತಿರುವ ಪುಟ್ಟಲಕ್ಷ್ಮಮ್ಮನವರೇ, ಸಭಿಕರೇ,

ನನಗೆ ಭಾಷಣ ಬಾರದು. ಹೊಳೆನರಸೀಪುರದ ಇದೇ ಹಾಸ್ಟೆಲ್ಲಿನಲ್ಲಿದ್ದು, ಓದು ಹಿಡಿಸದೆ ಗೋಡೆ ಹಾರಿ ಹೋದವನು ನಾನು. ಈ ಅರವತ್ತನಾಲ್ಕನೆಯ ಇಸವಿಯ ವಾರ್ಷಿಕೋತ್ಸವಕ್ಕೆ ಬಾಗಿಲಿನಿಂದಲೇ ಕರೆದು ಹಾರ ಹಾಕಿದ್ದೀರಿ. ಗೋಡೆಯನ್ನು ಎತ್ತರಿಸಿರುವುದನ್ನೂ ನೋಡಿದೆ, ಸಂತೋಷ.

ಈಗ ತಾನೆ ಪರದೆ ಸರಿಸಿದ ಪಟದಲ್ಲಿರುವ ಕಾಳಯ್ಯ ನನ್ನಂಥವನಲ್ಲ. ಎಸ್.ಎಸ್.ಎಲ್.ಸಿ. ಪಾಸು ಮಾಡಿ, ಟೈಪಿಂಗ್ ಕಲಿತು, ಬೆಂಗಳೂರಿನ ಕಂಪನಿಯೊಂದರಲ್ಲಿ ಗುಮಾಸ್ತನಾದ. ಅದೇ ಕಂಪನಿಯ ಗೋದಾಮಿನಲ್ಲಿ ಪೆಟ್ಟಿಗೆ ಹೊರುವವನು ನಾನು. ಇಬ್ಬರಿಗೂ ಒಂದೇ ಕೋಣೆ. ಹೋದ ಚಳಿಗಾಲದಲ್ಲಿ ಅವನು ಆಸ್ಪತ್ರೆಯಲ್ಲಿ ತೀರಿಕೊಂಡಾಗ ಪಕ್ಕದಲ್ಲಿದ್ದವನೂ ನಾನೇ. ನನಗಿಂತ ಮೊದಲು ಮಾತಾಡಿದ ಹಿರಿಯರು, ದುಡಿಮೆಗಾಗಿ ಜೀವ ತೇದ ಎಂದರು. ಹೌದೇ?

ಬೆಳಿಗ್ಗೆ ನಾನು ಬಸ್ಸಿನಿಂದ ಇಳಿಯುತ್ತಲೇ ಅವನ ತಾಯಿ ಪುಟ್ಟಲಕ್ಷ್ಮಮ್ಮ ಕೈ ಹಿಡಿದುಕೊಂಡರು. ‘ತಮ್ಮಯ್ಯ, ದಿಟ ಏಳಪ್ಪ. ನನ್ ಮಗ ಅಲ್ಲಿ ಒಟ್ಟೆ ತುಂಬ ಉಣ್ತಿದ್ನಾ? ಚಿಕ್ಕೋನು ಮಂಚಯ್ಯನ್ನೂ ಅದೇ ಕಂಪ್ನಿಗೆ ಕರೀತಾವ್ರೆ. ನೀನು ಏಳ್ದಂಗೆ ಮಾಡ್ತೀನಿ.’

ಮಂಚಯ್ಯನಿಗೆ ಆ ಕೆಲಸ ಗೊತ್ತು ಮಾಡಿದವರು ನಮ್ಮ ಅಧ್ಯಕ್ಷರು. ಅವರು ನನ್ನನ್ನು ಪಕ್ಕಕ್ಕೆ ಕರೆದರು. ‘ಚೆನ್ನಾಗ್ ಉಣ್ತಿದ್ದ ಅಂದ್ಬುಡ್ಲಾ. ಆ ಯಮ್ಮಂಗೂ ಒಂದು ಸಮಾಧಾನ. ಇಂಥ ಕೆಲ್ಸ ನಮ್ ಹುಡುಗ್ರಿಗೆ ಇನ್ನೊಂದ್ ಸಲ ಸಿಕ್ತದಾ?’

ಅಧ್ಯಕ್ಷರು ಕ್ಷಮಿಸಬೇಕು.

ಮೊಸಳೆ ಎಂಬ ಊರಿನ ಅವರ ಮನೆಯಲ್ಲಿ ನಾನೂ ಉಂಡಿದ್ದೇನೆ. ಮುದ್ದೆ ಬಡಿಸುವ ಮುಂಚೆ ಆ ತಾಯಿ ಬಾಗಿಲಿಗೆ ಬಂದು, ಬೀದಿಯಲ್ಲಿ ಹೋಗುವವರನ್ನು ‘ಉಂಡ್ರಾ?’ ಎಂದು ಕೇಳುತ್ತಿದ್ದರು. ಇಲ್ಲವೆಂದವರು ಒಳಗೆ ಬಂದು ಕೂರುತ್ತಿದ್ದರು, ನಮ್ಮ ಮುದ್ದೆ ಸಣ್ಣದಾಗುತ್ತಿತ್ತು. ಕಾಳಯ್ಯ ಅದನ್ನು ಕಂಡು ಬೆಳೆದವನು.

ಬೆಂಗಳೂರಿನಲ್ಲಿ ಊಟಕ್ಕೆ ಅರ್ಧ ಗಂಟೆ ಬಿಡುವು. ಹೋಟೆಲಿನಲ್ಲಿ ನೀವು ಉಣ್ಣುತ್ತಿರುವಾಗಲೇ ಇನ್ನೊಬ್ಬ ಬಂದು ನಿಮ್ಮ ಕುರ್ಚಿಯ ಬೆನ್ನು ಹಿಡಿದು ನಿಲ್ಲುತ್ತಾನೆ. ನೀವು ಸಾರು ಕಲಸುವುದನ್ನೂ ಮಜ್ಜಿಗೆ ಕುಡಿಯುವುದನ್ನೂ ನೋಡುತ್ತಾನೆ. ಮೊದಲ ದಿನ ಕಾಳಯ್ಯ ತಿರುಗಿ, ‘ಉಂಡ್ರಾ ಸಾ?’ ಎಂದ.

‘ಉಂಡಿದ್ರೆ ನಿನ್ ಬೆನ್ನು ನೋಡ್ಕೊಂಡು ಯಾಕಯ್ಯಾ ನಿಂತಿರ್ತಿದ್ದೆ? ಬೇಗ ಮುಗ್ಸು!’

ಹೋಟೆಲೆಲ್ಲ ನಕ್ಕಿತು. ನೀವೂ ನಗುತ್ತಿದ್ದೀರಿ, ನಗಿ. ಕಾಳಯ್ಯ ಮಾತ್ರ ಅರ್ಧಕ್ಕೇ ಎದ್ದು ಕೈ ತೊಳೆದ.

ಮರುದಿನವೂ ಎದ್ದ. ರಾತ್ರಿಯ ಊಟಕ್ಕೂ ಅದೇ ನೂಕುನುಗ್ಗಲು. ಬೇಯಿಸಿಕೊಳ್ಳೋಣವೆಂದರೆ, ಸ್ಟೌ ಹಚ್ಚಿದ ದಿನವೇ ಕೋಣೆ ಬಿಡಬೇಕೆಂದು ಮನೆಯ ಮಾಲೀಕರ ಕಟ್ಟಪ್ಪಣೆ. ‘ಇಂದಕ್ಕೆ ತಿರುಗ್ಬ್ಯಾಡ ಕಣ್ಲಾ, ತಟ್ಟೆ ನೋಡ್ಕೊಂಡು ತಿನ್ನು’ ಎಂದು ಎಷ್ಟೋ ಸಲ ಗದರಿದೆ. ‘ತಿರುಗ್ದೆ ಇದ್ರೂ ಅವ್ನು ನಿಂತಿರೋದು ಕುತ್ಗೇಗೆ ಗೊತ್ತಾಯ್ತದೆ ಕಣ್ಲಾ’ ಎನ್ನುತ್ತಿದ್ದ.

ನಾನು ಕಲಿತೆ. ಹಿಂದೆ ಹಸಿದವನು ನಿಂತಿರುವಾಗ ಇನ್ನೊಂದು ಸೌಟು ಅನ್ನ ಕೇಳುವುದನ್ನು ಕಲಿತೆ. ನಿಂತವನು ನಾನಾದರೆ, ಎದುರಿನ ಕುರ್ಚಿಯನ್ನು ಮೊಣಕಾಲಿನಿಂದ ಮೆಲ್ಲಗೆ ತಳ್ಳುವುದನ್ನೂ ಕಲಿತೆ. ಒಮ್ಮೆ ಹಾಗೆ ತಳ್ಳಿದಾಗ ಒಬ್ಬ ಮುದುಕ ಬಾಯಲ್ಲಿ ತುತ್ತಿಟ್ಟುಕೊಂಡೇ ಎದ್ದು ಹೋದ. ನಾನು ಕುಳಿತೆ. ಪಟ್ಟಣದ ವೇಗಕ್ಕೆ ಹೊಂದಿಕೊಳ್ಳಿ ಎಂದು ಇಲ್ಲಿ ಎಲ್ಲರೂ ಉಪದೇಶ ಮಾಡುತ್ತೀರಲ್ಲ, ಹೊಂದಿಕೊಳ್ಳುವುದೆಂದರೆ ಇದು.

ಕಾಳಯ್ಯ ಬನ್ನು, ಚಹಾದಲ್ಲಿ ದಿನ ದೂಡಿದ. ಕೆಮ್ಮು ಬಂತು, ರಕ್ತ ಬಂತು. ‘ಔಷಧಿಗೆ ಮೊದಲು ಇವನಿಗೆ ಅನ್ನ ಬೇಕಿತ್ತಲ್ಲಪ್ಪ’ ಎಂದರು ಡಾಕ್ಟರು.

ಅವ್ವಾ, ನೀವು ಕೇಳಿದ್ದಕ್ಕೆ ಇದು ಉತ್ತರ. ನಿಮ್ಮ ಮಗ ಹೊಟ್ಟೆ ತುಂಬ ಉಣ್ಣುತ್ತಿರಲಿಲ್ಲ.

ಮಂಚಯ್ಯನನ್ನು ಕಳಿಸಬೇಡಿ ಎನ್ನುವ ಧೈರ್ಯ ನನಗಿಲ್ಲ. ಸುಗ್ಗಿ ಮುಗಿದ ಮೇಲೆ ಇಲ್ಲಿ ಕೂಲಿ ಸಿಗುವುದಿಲ್ಲವೆಂದು ನಾನು ಬಲ್ಲೆ. ನಾಳಿದ್ದು ಹಾಸನದಲ್ಲಿ ಬಸ್ಸು ಹತ್ತುತ್ತೇನೆ. ಬಂದರೆ ಜೊತೆಗೆ ಕರೆದೊಯ್ಯುತ್ತೇನೆ. ಅದಕ್ಕೆ ಮುಂಚೆ, ನಾಳೆ ಮನೆಯಲ್ಲಿ ಅವನಿಗೆ ಬಡಿಸಿ, ನೀವು ಉಣ್ಣದೆ ಅವನ ಬೆನ್ನ ಹಿಂದೆ ಸುಮ್ಮನೆ ನಿಂತುಕೊಳ್ಳಿ. ಅವನು ತಲೆಯೆತ್ತದೆ ತಟ್ಟೆ ಖಾಲಿ ಮಾಡಿದರೆ ಕಳಿಸಿಕೊಡಿ. ಕೈ ತಡೆದು ನಿಮ್ಮತ್ತ ತಿರುಗಿದರೆ, ಇಲ್ಲೇ ಇಟ್ಟುಕೊಳ್ಳಿ.

ಹಾರ ಹಾಕಿದವರಿಗೂ, ನಡುವೆ ಮಾತು ನಿಲ್ಲಿಸದ ಅಧ್ಯಕ್ಷರಿಗೂ, ಕೂತು ಕೇಳಿದ ನಿಮಗೂ ನಾನು ಋಣಿ. ನಮಸ್ಕಾರ.